ಸಂದಕ್‌ಫು ದಾರಿಯಲ್ಲಿ ಕೆಂಪು ಪಾಂಡಾ: ಎಲ್ಲಿ ಉಳಿಯಬೇಕು, ಯಾವ ತಿಂಗಳು ಹೋಗಬೇಕು?

ಹಾಸನದ_ಚಾರಣಿಗ

ಏಪ್ರಿಲ್ ಎರಡನೇ ವಾರ ಮೂವರು ಡಾರ್ಜಿಲಿಂಗ್ ಕಡೆಯ ಸಂದಕ್‌ಫು ಚಾರಣಕ್ಕೆ ಹೊರಟಿದ್ದೇವೆ. ಮಾನೆಭಂಜಾಂಗ್, ತುಮ್ಲಿಂಗ್, ಕಾಲಿಪೋಖ್ರಿ, ಸಂದಕ್‌ಫು ಅಂತ ದಾರಿ, ಎಲ್ಲ ಕಡೆ ಒಂದೊಂದೇ ರಾತ್ರಿ. ಕಾಂಚನಜುಂಗಾ ಹೇಗೂ ಕಾಣಬಹುದು, ಆದರೆ ನಿಜವಾದ ಆಸೆ ಕೆಂಪು ಪಾಂಡಾ. ಈ ಪ್ಲಾನಿನಲ್ಲಿ ಕಾಣುವ ಸಾಧ್ಯತೆ ಇದೆಯೇ? ಟಿಕೆಟ್ ಇನ್ನೂ ಬುಕ್ ಮಾಡಿಲ್ಲ, ದಿನ ಬದಲಿಸಬಹುದು. ಕ್ಯಾಮೆರಾಗೆ 300 ಎಂಎಂ ಲೆನ್ಸ್ ಇದೆ, ಸಾಕೇ?

ಬಿದಿರುಮೆಳೆ

ಈ ಪ್ಲಾನಿನಲ್ಲಿ ಕಂಡರೆ ಅದು ಬರೀ ಅದೃಷ್ಟ. ನಿಮ್ಮ ದಾರಿ ಸಾಗುವ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಪಾಂಡಾ ಇರುವುದು ಸುಮಾರು 2,600ರಿಂದ 3,600 ಮೀಟರ್ ಎತ್ತರದಲ್ಲಿ. ಅದರೊಳಗೂ ಗುರುತುಗಳು ಹೆಚ್ಚಾಗಿ ಸಿಗುವುದು 2,800–3,100 ಮೀಟರ್ ಪಟ್ಟಿಯಲ್ಲಿ, ಮಾಲಿಂಗೊ ಬಿದಿರು ಒತ್ತಾಗಿ ಬೆಳೆದು, ಹತ್ತಿರದಲ್ಲಿ ನೀರಿರುವ ಕಡಿದಾದ ಇಳಿಜಾರಿನಲ್ಲಿ. ಮಾಲಿಂಗೊ ಅಂದರೆ ನಮ್ಮ ಮಲೆನಾಡಿನ ವಾಟೆಯಂಥ ಸಣಕಲು ಬಿದಿರು. ನಿಮ್ಮ ದಾರಿಯಲ್ಲಿ ಈ ಪಟ್ಟಿ ಬರುವುದು ಗೈರಿಬಾಸ್ (2,621 ಮೀ.) ಮತ್ತು ಕಾಲಿಪೋಖ್ರಿ (3,186 ಮೀ.) ನಡುವೆ, ಕೈಯಾಕಾಟಾ ಆಸುಪಾಸಿನಲ್ಲಿ.

ತುಮ್ಲಿಂಗ್‌ನಲ್ಲಿ ತಿಂಡಿ ಮುಗಿಸಿ ಹೊರಟವರು ಇಲ್ಲಿಗೆ ಬರುವ ಹೊತ್ತಿಗೆ ಬಿಸಿಲೇರಿರುತ್ತದೆ. ಪ್ರಾಣಿ ಚುರುಕಾಗಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ; ನಡುಹಗಲಲ್ಲಿ ಕೊಂಬೆಯ ಮೇಲೆ ಸುರುಳಿ ಸುತ್ತಿ ಮಲಗಿಬಿಡುತ್ತದೆ. ಅಷ್ಟೊತ್ತಿಗೆ ರಸ್ತೆಯಲ್ಲಿ ಜೀಪುಗಳ ಗದ್ದಲವೂ ಶುರು. ಅಂದರೆ ಸರಿಯಾದ ಕಾಡನ್ನು ತಪ್ಪು ಹೊತ್ತಿನಲ್ಲಿ ದಾಟಿ ಹೋಗುತ್ತೀರಿ.

ಬದಲಾಯಿಸಿ ಹೀಗೆ ಮಾಡಿ: ತುಮ್ಲಿಂಗ್‌ನಲ್ಲಿ ಒಂದು ರಾತ್ರಿ, ಗೈರಿಬಾಸ್ ಅಥವಾ ಕೈಯಾಕಾಟಾದಲ್ಲಿ ಮೂರು ರಾತ್ರಿ, ಆಮೇಲೆ ಸಂದಕ್‌ಫು. ದಿನ ಸಾಲದಿದ್ದರೆ ಸಂದಕ್‌ಫುವನ್ನೇ ಬಿಡಿ ಎನ್ನುತ್ತೇನೆ, ಬೈದುಕೊಳ್ಳಬೇಡಿ.

ಉದ್ಯಾನದೊಳಗೆ ಗೈಡ್ ಕಡ್ಡಾಯ. ಆದರೆ ದಾರಿ ತೋರಿಸುವ ಗೈಡ್ ಬೇರೆ, ಪಾಂಡಾ ಹುಡುಕುವ ಟ್ರ್ಯಾಕರ್ ಬೇರೆ. "ಹಾಬ್ರೆ ನೋಡಬೇಕು, ಟ್ರ್ಯಾಕರ್ ಬೇಕು" ಅಂತ ಹೊರಡುವ ಮೊದಲೇ ಹೇಳಿಡಿ. ಅಲ್ಲಿನವರು ಪಾಂಡಾವನ್ನು ಕರೆಯುವುದೇ ಹಾಗೆ. ನಿಮ್ಮ ಮೂವರಿಗೆ ಇಬ್ಬರು ಟ್ರ್ಯಾಕರ್ ಇದ್ದರೆ ಒಳ್ಳೆಯದು. ಅವರು ನಸುಕಿನಲ್ಲೇ ಬೇರೆ ಬೇರೆ ದಿಕ್ಕಿಗೆ ಹೋಗಿ, ಕಂಡ ಮೇಲೆ ನಿಮ್ಮನ್ನು ಕರೆಸುತ್ತಾರೆ. ಆಗ ಬೂಟು ಹುಡುಕುತ್ತಾ ಕೂತರೆ ಪಾಂಡಾ ಮೆಳೆಯೊಳಗೆ ಇಳಿದಿರುತ್ತದೆ. ದಾರಿ ನೇಪಾಳದ ಗಡಿಯಲ್ಲೇ ಸಾಗುವುದರಿಂದ ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಜೊತೆಗಿರಲಿ.

ಕಲ್ಲುಹೂ

ಟ್ರ್ಯಾಕರ್ ಇದ್ದರೂ ನಿಮ್ಮ ಕಣ್ಣೂ ಪಳಗಿರಬೇಕು. "ಅಗೋ, ಅಲ್ಲಿ" ಅಂತ ಬೆರಳು ತೋರಿಸಿದರೂ ಎಷ್ಟೋ ಜನರಿಗೆ ಕಾಣುವುದೇ ಇಲ್ಲ. ಚಿತ್ರದಲ್ಲಿ ಅಷ್ಟು ಎದ್ದು ಕಾಣುವ ಕೆಂಪು, ಮರದ ಮೈಮೇಲಿನ ಕಂದುಗೆಂಪು ಹಾವಸೆಯಲ್ಲಿ ಕರಗಿಹೋಗುತ್ತದೆ. ಮುಖದ ಬಿಳಿ ಕಲ್ಲುಹೂವಿನ ತೇಪೆಯಂತಿರುತ್ತದೆ. ಹೊಟ್ಟೆ, ಕಾಲು ಕಪ್ಪು, ಹಾಗಾಗಿ ಕೆಳಗಿನಿಂದ ನೋಡಿದರೆ ಬರೀ ನೆರಳು. ಕೆಂಪನ್ನು ಹುಡುಕಬೇಡಿ. ಕವಲು ಕೊಂಬೆಯಲ್ಲಿ ಗಂಟಿನಂಥ ಉಬ್ಬು, ಅದರಿಂದ ಜೋತುಬಿದ್ದ ಪಟ್ಟೆ ಬಾಲ ಇದೆಯೇ ನೋಡಿ.

ದಾರಿ ಇಳಿಜಾರಿನ ಅಡ್ಡಕ್ಕೆ ಸಾಗುವ ಕಡೆ ಕೆಳಬದಿಯ ಮರಗಳ ತುದಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಅಲ್ಲಿ ನಿಂತು 8x42 ಬೈನಾಕ್ಯುಲರ್‌ನಲ್ಲಿ ಒಂದೊಂದೇ ಮರವನ್ನು ಬುಡದಿಂದ ತುದಿಗೆ ನೋಡುತ್ತಾ ಬನ್ನಿ. ಚಳಿಯಿದ್ದ ಬೆಳಿಗ್ಗೆ ಮೊದಲ ಬಿಸಿಲು ಬೀಳುವ ಪೂರ್ವದ ಇಳಿಜಾರಿನಿಂದಲೇ ಶುರುಮಾಡಿ, ಪಾಂಡಾ ಮೈ ಕಾಯಿಸಲು ಮರದ ತುದಿಗೆ ಏರಿರುತ್ತದೆ.

ಹಿಕ್ಕೆ ಇನ್ನೊಂದು ಗುರುತು. ಹಾವಸೆ ಹಿಡಿದ ಅಡ್ಡಕೊಂಬೆ, ಬಿದ್ದ ದಿಮ್ಮಿ, ಬಂಡೆಗಳ ಮೇಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಾಕುತ್ತದೆ. ಎರಡೂ ತುದಿ ಚೂಪಾದ ಉಂಡೆಗಳು, ಬಿದಿರೆಲೆಯ ಚೂರು ಬರಿಗಣ್ಣಿಗೇ ಕಾಣುತ್ತದೆ, ಏಕೆಂದರೆ ತಿಂದದ್ದರಲ್ಲಿ ಹೆಚ್ಚಿನದು ಅರಗುವುದೇ ಇಲ್ಲ. ಹಸಿರಾಗಿ ಒದ್ದೆಯಿದ್ದರೆ ಹೊಸದು. ಪ್ರಾಣಿ ಅಲ್ಲೇ ಸುತ್ತಮುತ್ತ ಇರಬಹುದು. ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಮುಂದೆ ಹೋಗಿ.

ಉದ್ದ ಬಾಲದ ಪ್ರಾಣಿಯೊಂದು ಕೊಂಬೆಯಿಂದ ಕೊಂಬೆಗೆ ಸರಸರ ಓಡಿದರೆ ಅದು ಹಳದಿ ಕೊರಳಿನ ಮಾರ್ಟೆನ್, ಕೊಡಗಿನ ಕಡೆ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟೆನ್‌ನ ಬಳಗ. ಅದರ ಬಾಲದಲ್ಲಿ ಪಟ್ಟೆ ಇರುವುದಿಲ್ಲ. ಪಾಂಡಾಗೆ ಅಂಥ ಅವಸರವೂ ಇಲ್ಲ.

ತುಂಗಾತೀರ

ಜಾಗದ ಬಗ್ಗೆ ಬಿದಿರುಮೆಳೆಯವರ ಮಾತಿಗೆ ಎದುರಿಲ್ಲ. ಆದರೆ ತಿಂಗಳ ವಿಷಯ ಯಾರೂ ಎತ್ತಲಿಲ್ಲವಲ್ಲ. ಏಪ್ರಿಲ್‌ನಲ್ಲಿ ರೋಡೋಡೆಂಡ್ರಾನ್ ಕಾಡೆಲ್ಲ ಕೆಂಪಾಗಿ ಅರಳಿರುತ್ತದೆ, ಪ್ರತಿ ಹೂಗೊಂಚಲೂ ಪಾಂಡಾ! ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುವುದು, ಆಲಿಕಲ್ಲು ಬೀಳುವುದು ಮಾಮೂಲು. ನವೆಂಬರ್ ಮಧ್ಯದಿಂದ ಡಿಸೆಂಬರ್ ಆದರೆ ಆಕಾಶ ತಿಳಿ, ಎಲೆ ಉದುರಿಸುವ ಮರಗಳೂ ಬೋಳು. ಹಿಮಕ್ಕೆ ತಯಾರಿದ್ದರೆ ಫೆಬ್ರವರಿ, ಮಾರ್ಚ್ ಮೊದಲ ಭಾಗವೂ ಒಳ್ಳೆಯದು. ಅದು ಬೆದೆಯ ಕಾಲ, ಓಡಾಟ ಹೆಚ್ಚು. ಜೂನ್ 16ರಿಂದ ಸೆಪ್ಟೆಂಬರ್ 15ರವರೆಗೆ ಉದ್ಯಾನವೇ ಮುಚ್ಚಿರುತ್ತದೆ, ಮರಿ ಹಾಕುವುದೂ ಆಗಲೇ.

300 ಎಂಎಂ ದಾಖಲೆಗೆ ಸಾಕು, ಒಳ್ಳೆಯ ಚಿತ್ರಕ್ಕೆ 400 ಬೇಕು. ಮಂಜಿನ ಬಿಳಿ ಆಕಾಶ ಹಿಂದಿದ್ದರೆ ಕ್ಯಾಮೆರಾ ಮೋಸಹೋಗಿ ಪ್ರಾಣಿಯನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ. ಬ್ಯಾಟರಿ ಒಳಜೇಬಿನಲ್ಲಿರಲಿ. ಹೊರಗಿನ ಚಳಿಯಿಂದ ಅಡುಗೆಮನೆಯ ಒಲೆ ಹತ್ತಿರ ಬರುವಾಗ ಲೆನ್ಸ್ ಬ್ಯಾಗಿನಲ್ಲೇ ಇರಬೇಕು, ಹೊರತೆಗೆದರೆ ಆವಿ ಕಟ್ಟುತ್ತದೆ.

ಫ್ಲ್ಯಾಶ್ ಬೇಡವೇ ಬೇಡ. ಪಾಂಡಾ ತಲೆ ಮೇಲೆ ಕೆಳಗೆ ಆಡಿಸಿದರೆ, ಬುಸುಗುಟ್ಟಿದರೆ ಅದಕ್ಕೆ ಗಾಬರಿಯಾಗಿದೆ ಎಂದರ್ಥ, ಹಿಂದೆ ಸರಿಯಿರಿ. ಎಲ್ಲರೂ ಮರದ ಬುಡದಲ್ಲಿ ಗುಂಪುಕಟ್ಟಿದರೆ ಅದಕ್ಕೆ ಇಳಿಯಲು ದಾರಿಯೇ ಇರುವುದಿಲ್ಲ. ಹಳ್ಳಿಯ ನಾಯಿ ಹಿಂದೆ ಬಂದರೆ ಅಲ್ಲಿಂದಲೇ ಓಡಿಸಿ, ಬಿಸ್ಕತ್ತು ಹಾಕಬೇಡಿ. ಪಾಂಡಾಗಳಿಗೆ ನಾಯಿಗಳ ಕಡಿತದ ಜೊತೆ ಅವುಗಳಿಂದ ಹರಡುವ ಡಿಸ್ಟೆಂಪರ್ ಎಂಬ ವೈರಸ್ ರೋಗದ ಅಪಾಯವೂ ಇದೆ.

ಹಾಸನದ_ಚಾರಣಿಗ

ಎಲ್ಲರಿಗೂ ಧನ್ಯವಾದ. ನವೆಂಬರ್ ಕೊನೆಗೆ ಬದಲಿಸುತ್ತೇವೆ, ಗೈರಿಬಾಸ್‌ನಲ್ಲಿ ಮೂರು ರಾತ್ರಿ. ಅಷ್ಟಾದರೂ ಕಾಣದಿದ್ದರೆ?

ಬಿದಿರುಮೆಳೆ

ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಮೃಗಾಲಯಕ್ಕೆ ಹೋಗಿ. ಅಲ್ಲಿ ಹುಟ್ಟಿ ಬೆಳೆದ ಎರಡು ಹೆಣ್ಣು ಪಾಂಡಾಗಳನ್ನು 2003ರಲ್ಲಿ ಇದೇ ಸಿಂಗಲೀಲಾ ಕಾಡಿಗೆ ಬಿಟ್ಟಿದ್ದರು. ಗುರುವಾರ ರಜೆ, ವಾಪಸಿನ ದಿನ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.