ಸಹಾಯ ಬೇಕು: ಕ್ರೂಸ್ ಊಟಕ್ಕೆ ಮತ್ತೆ ಟಿಪ್ಸ್ ಕೊಡಬೇಕಾ?

ಎಲ್ಲರಿಗೂ ನಮಸ್ಕಾರ. ಮಯಾಮಿಯಿಂದ ಹೊರಟ 7 ರಾತ್ರಿಯ ಕೆರಿಬಿಯನ್ ಕ್ರೂಸ್‌ನಲ್ಲಿದ್ದೇವೆ. ನಾನು, ನಮ್ಮ ಮನೆಯವರು, ಮೈಸೂರಿಂದ ಬಂದಿರುವ ಅಪ್ಪ ಅಮ್ಮ.

ತಲೆಗೆ ದಿನಕ್ಕೆ 18 ಡಾಲರ್ ಟಿಪ್ಸ್ ಅಂತ ರೂಮಿನ ಬಿಲ್ಲಿಗೇ ಸೇರಿಸಿದ್ದಾರೆ. ನಾಲ್ಕು ಜನಕ್ಕೆ ಒಟ್ಟು 504 ಡಾಲರ್! ಬಡಿಸುವವರು, ರೂಮು ನೋಡಿಕೊಳ್ಳುವವರು ಎಲ್ಲರಿಗೂ ಅದರಲ್ಲೇ ಪಾಲು. ಬಾರಿನಲ್ಲಿ ಜ್ಯೂಸ್ ತಗೊಂಡರೆ ಅದಕ್ಕೆ ಬೇರೆ 18 ಪರ್ಸೆಂಟ್. ಸಾಲದು ಅಂತ ರಸೀದಿಯಲ್ಲಿ ಹೆಚ್ಚಿನ ಟಿಪ್ಸ್‌ಗೆ ಇನ್ನೊಂದು ಖಾಲಿ ಗೆರೆ. ಮೊದಲ ದಿನ ಗೊತ್ತಾಗದೆ ಅಲ್ಲೂ 3 ಡಾಲರ್ ಬರೆದೆ. ಸುಮ್ನೆ ದಂಡ ಅಲ್ವಾ?

ಆದರೆ ರಾತ್ರಿ ಊಟದ ವಿಷಯ ಬೇರೆ. ದಿನಾ ಅದೇ ಟೇಬಲ್, ಅದೇ ವೇಟರ್. ಗೋವಾದ ಹುಡುಗ. ಅಮ್ಮ ಈರುಳ್ಳಿ, ಬೆಳ್ಳುಳ್ಳಿ ತಿನ್ನಲ್ಲ ಅಂತ ಒಂದೇ ಸಲ ಹೇಳಿದ್ದು. ಮಾರನೇ ದಿನದಿಂದ ಮೆನುವಿನಲ್ಲಿ ಇಲ್ಲದ ದಾಲ್, ಅನ್ನ, ಬಟ್ಟಲಲ್ಲಿ ಮೊಸರು ಕೇಳದೇ ಬರುತ್ತಿದೆ. ನಿನ್ನೆ ಅಮ್ಮ ಕನ್ನಡದಲ್ಲೇ "ನಿಂದು ಊಟ ಆಯ್ತಾ ಮಗಾ?" ಅಂತ ಕೇಳಿದರು. ಅವನು ನಕ್ಕು ತಲೆಯಾಡಿಸಿದ.

ಕೊನೆಯ ರಾತ್ರಿ ಕವರಿನಲ್ಲಿ ದುಡ್ಡು ಹಾಕಿ ಕೊಡುವವರಿದ್ದಾರೆ. "ಬಿಲ್ಲಿನಲ್ಲಿ ಕೊಟ್ಟಾಯ್ತಲ್ಲ, ಮತ್ಯಾಕೆ?" ಅಂತಾರೆ ಅಪ್ಪ. ನನಗೆ 40 ಡಾಲರ್ ಕೊಡೋಣ ಅನ್ನಿಸಿದೆ. ಕಡಿಮೆ ಆಯ್ತಾ, ಜಾಸ್ತಿಯಾ? ಜೊತೆಗಿರುವ ಅಸಿಸ್ಟೆಂಟ್ ಹುಡುಗಿಗೂ ಬೇರೆ ಕವರ್ ಬೇಕಾ? ಹೋಗಿ ಬಂದವರು ಹೇಳಿ, ಇನ್ನು ಎರಡೇ ರಾತ್ರಿ ಇದೆ.