ಬ್ಯಾನ್ಫ್‌ನಿಂದ ಜಾಸ್ಪರ್‌ಗೆ ಟೆಂಟ್ ಕಟ್ಟಿಕೊಂಡು ಹೋದವರು ಇದ್ದೀರಾ?

ಪ್ರಶ್ನೆ: ಆಗಸ್ಟ್ ಕೊನೆಯಲ್ಲಿ ಎಂಟು ಜನ, ಎರಡು ಕಾರಿನಲ್ಲಿ ಕ್ಯಾಲ್ಗರಿಯಿಂದ ಹೊರಡುತ್ತಿದ್ದೇವೆ. ಕೆನಡಾದ ಬ್ಯಾನ್ಫ್, ಯೋಹೋ, ಜಾಸ್ಪರ್ ರಾಷ್ಟ್ರೀಯ ಉದ್ಯಾನಗಳು. ಏಳು ರಾತ್ರಿ ಟೆಂಟ್, ಹಗಲು ಚಾರಣ. ಕುಮಾರಪರ್ವತ ಹತ್ತಿದ ಅನುಭವವಿದೆ, ಈ ಕಡೆಯ ಬೆಟ್ಟ ಹೊಸದು. ದಿನಕ್ಕೊಂದು ಜಾಗದಲ್ಲಿ ಉಳಿಯುವ ಯೋಚನೆ. ಹೋಗಿ ಬಂದವರು ಹೇಳಿ.

ಉತ್ತರ 1: ದಿನಕ್ಕೊಂದು ಜಾಗ ಖಂಡಿತ ಬೇಡ. ನಾವು ಹಾಗೆ ಮಾಡಿಯೇ ಕೆಟ್ಟೆವು. ಟೆಂಟ್ ಬಿಚ್ಚಿ, ಮಡಿಸಿ, ಡಿಕ್ಕಿಗೆ ತುಂಬುವಷ್ಟರಲ್ಲಿ ಹನ್ನೊಂದು ಗಂಟೆ. ಮೂರನೇ ದಿನಕ್ಕೆ ಯಾರಿಗೂ ನಡೆಯುವ ಉಮೇದೇ ಉಳಿದಿರಲಿಲ್ಲ. ಬ್ಯಾನ್ಫ್ ಉದ್ಯಾನದ ಲೇಕ್ ಲೂಯಿಸ್‌ನಲ್ಲಿ ನಾಲ್ಕು ರಾತ್ರಿ, ಜಾಸ್ಪರ್ ಕಡೆ ಮೂರು ರಾತ್ರಿ ಇಟ್ಟುಕೊಳ್ಳಿ. ಯೋಹೋ ಲೇಕ್ ಲೂಯಿಸ್‌ನಿಂದ ಹತ್ತಿರವೇ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಒಂದು ಸೈಟಿಗೆ (ಟೆಂಟ್ ಹಾಕಲು ಕೊಡುವ ಜಾಗ) 6 ಜನರಷ್ಟೇ, ಹಾಗಾಗಿ ನಿಮಗೆ ಎರಡು ಬೇಕು. ಬುಕಿಂಗ್ ಚಳಿಗಾಲದಲ್ಲೇ ಶುರುವಾಗುತ್ತದೆ. ತಡ ಮಾಡಿದರೆ ಅಕ್ಕಪಕ್ಕದ ಸೈಟ್ ಸಿಗುವುದು ಕಷ್ಟ.

ಲೇಕ್ ಲೂಯಿಸ್ ಹತ್ತಿರದ ಮೊರೇನ್ ಲೇಕ್‌ಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಹೋಗಬೇಕು. ಟಿಕೆಟ್ ಮೊದಲೇ ಮಾಡಿಸಿ.

ಉತ್ತರ 2: ಅಡುಗೆ ವಿಷಯ ನಾನು ಹೇಳುತ್ತೇನೆ. ಅದು ಕರಡಿಗಳ ಊರು. ಊಟ ಮುಗಿದ ಕೂಡಲೇ ಸ್ಟೌ, ಪಾತ್ರೆ, ಎಣ್ಣೆ, ಕಸ, ಟೂತ್‌ಪೇಸ್ಟ್ ಕೂಡ ಕಾರೊಳಗೆ ಹೋಗಬೇಕು. ನಮ್ಮವರೊಬ್ಬರು ಚಟ್ನಿಪುಡಿ ಡಬ್ಬಿ ಮೇಜಿನ ಮೇಲೇ ಬಿಟ್ಟು ಮಲಗಿದ್ದರು. ರಾತ್ರಿ ಸುತ್ತು ಬಂದ ಸಿಬ್ಬಂದಿ ಎಬ್ಬಿಸಿ ಚೆನ್ನಾಗಿ ಪಾಠ ಮಾಡಿದರು. ಲೇಕ್ ಲೂಯಿಸ್‌ನ ಟೆಂಟ್ ಕ್ಯಾಂಪಿಗೆ ಸುತ್ತಲೂ ವಿದ್ಯುತ್ ಬೇಲಿಯೇ ಇದೆ, ಅಂದರೆ ಲೆಕ್ಕ ಹಾಕಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ದರೆ ಕೆಲಸ ಕಮ್ಮಿ. ದಿನಾ ಒಗ್ಗರಣೆ ಹಾಕುವ ಹುಚ್ಚು ಬೇಡ.

ಕರಡಿ ಸ್ಪ್ರೇ (ಕರಡಿ ಮೇಲೆ ಬಂದರೆ ಅದರತ್ತ ಸಿಂಪಡಿಸುವ ಖಾರದ ಸ್ಪ್ರೇ) ಸೊಂಟದಲ್ಲಿರಲಿ, ಬ್ಯಾಗಿನ ತಳದಲ್ಲಲ್ಲ. ವಿಮಾನದಲ್ಲಿ ಬಿಡುವುದಿಲ್ಲ, ಕ್ಯಾಲ್ಗರಿಯಲ್ಲೇ ಕೊಳ್ಳಿ. ಕರಡಿಯಿಂದ 100 ಮೀಟರ್, ಎಲ್ಕ್ ಎಂಬ ದೊಡ್ಡ ಜಿಂಕೆಯಿಂದ 30 ಮೀಟರ್ ದೂರವಿರಬೇಕು. ಎಲ್ಲರೂ ಒಟ್ಟಿಗೆ, ಜೋರಾಗಿ ಮಾತಾಡುತ್ತಾ ನಡೆಯಿರಿ. ನಮ್ಮವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ ಬಿಡಿ!

ಉತ್ತರ 3: ಒಂದೇ ಚಾರಣ ಅಂದರೆ ನನ್ನ ಆಯ್ಕೆ ಜಾಸ್ಪರ್ ದಾರಿಯ ವಿಲ್ಕಾಕ್ಸ್ ಪಾಸ್. ಕಾಡು ದಾಟಿ ಬಯಲಿಗೆ ಬಂದರೆ ಎದುರಿಗೇ ಅಥಾಬಾಸ್ಕಾ ಹಿಮನದಿ. ಕೆಳಗೆ ಬಸ್ಸಿನವರ ಜಾತ್ರೆ, ಮೇಲೆ ನಾವು ಹತ್ತಿಪ್ಪತ್ತು ಜನ.

ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಸುಮಾರು 230 ಕಿ.ಮೀ. ನಡುವೆ ಪೆಟ್ರೋಲ್ ಸಿಗುವುದು ಸಸ್ಕಾಚೆವನ್ ಕ್ರಾಸಿಂಗ್‌ನಲ್ಲಿ ಮಾತ್ರ, ಬೆಲೆಯೂ ಜಾಸ್ತಿ. ಫುಲ್ ಟ್ಯಾಂಕ್ ಮಾಡಿಸಿ ಹೊರಡಿ. ಹೆಚ್ಚಿನ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಎರಡು ಕಾರಿನವರು ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ನಮ್ಮ ಎರಡನೇ ಕಾರು ದಾರಿಯ ಪೇಟೋ ಲೇಕ್‌ನಲ್ಲಿ ಒಂದೂವರೆ ಗಂಟೆ ಸುಮ್ನೆ ಕಾದಿತ್ತು.

ಮತ್ತೆ, 2024ರ ಜುಲೈ ಕಾಳ್ಗಿಚ್ಚಿನಲ್ಲಿ ಜಾಸ್ಪರ್ ಊರಿನ ಒಂದು ಭಾಗವೇ ಸುಟ್ಟುಹೋಯಿತು. ಹೊರಡುವ ಮುಂಚೆ ಬೆಂಕಿ ನಿಷೇಧ ಇದೆಯಾ ನೋಡಿ. ಇದ್ದರೆ ಕ್ಯಾಂಪ್‌ಫೈರ್ ಆಸೆ ಬಿಡಿ, ಇನ್ನೊಂದು ಸ್ವೆಟರ್ ತುಂಬಿಕೊಳ್ಳಿ. ಆಗಸ್ಟ್ ಆದರೂ ಅಲ್ಲಿ ರಾತ್ರಿ ಹಲ್ಲು ಕಟಕಟ ಅನ್ನುತ್ತದೆ.