ಸಂಬಳ ಸರಿ ಇದ್ದರೂ ಕ್ಲಾಸಿಗೆ ಹೋಗೋ ಹುಮ್ಮಸ್ಸು ಯಾಕಿಲ್ಲ?

ಲ್ಯಾಬ್ ಮೇಷ್ಟ್ರು:
ಹದಿನಾಲ್ಕು ವರ್ಷದಿಂದ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸ್ತಿದೀನಿ. ಸಂಬಳದ ಬಗ್ಗೆ ತಕರಾರಿಲ್ಲ. ಆದರೂ ಈಚೆಗೆ ಕ್ಲಾಸಿಗೆ ಹೋಗಕ್ಕೆ ಕಾಲೇ ಏಳಲ್ಲ. ಪಾಠಕ್ಕಿಂತ ಫೈಲು ತುಂಬೋದೇ ಜಾಸ್ತಿ ಆಗಿದೆ. ನಿಮಗೂ ಹೀಗಾಗಿದೆಯಾ?

ಪುಸ್ತಕದ ಹುಳು:
ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನ ಮಾತಾಡಿಸಿ 1959ರಲ್ಲಿ ಇದನ್ನೇ ಹೇಳಿದ್ದು. ಸಂಬಳ, ಕಚೇರಿಯ ನಿಯಮ, ಮೇಲಧಿಕಾರಿಯ ವರ್ತನೆ ಕೆಟ್ಟರೆ ಅತೃಪ್ತಿ ಹುಟ್ಟುತ್ತೆ. ಸರಿಯಾದರೆ ಅತೃಪ್ತಿ ಹೋಗುತ್ತೆ, ಅಷ್ಟೇ. ಹುರುಪು ಬರೋದು ಸಾಧನೆ, ಮನ್ನಣೆ, ಕೆಲಸದ ಸ್ವಾರಸ್ಯದಿಂದ.

ತಾತ್ಕಾಲಿಕ ಉಪನ್ಯಾಸಕಿ:
ಸಂಬಳ ನೆಟ್ಟಗೆ ಬರೋರಿಗೆ ಈ ಮಾತು ಸರಿ. ಮುಂದಿನ ಸೆಮಿಸ್ಟರ್‌ಗೆ ಕರೀತಾರೋ ಇಲ್ವೋ ಗೊತ್ತಿಲ್ಲದೆ ನಾನು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿತು ಪಾಠ ತಯಾರು ಮಾಡಬೇಕು. ನನ್ನ ಹತ್ರ ಕಲಿತ ಹುಡುಗಿ ಮೊದಲ ಕೆಲಸದಲ್ಲೇ ನನಗಿಂತ ಹೆಚ್ಚು ದುಡೀತಾಳೆ. ಅವಳ ಬಗ್ಗೆ ಹೆಮ್ಮೆ ಇದೆ. ಆದರೆ ಹೆಮ್ಮೆಯಿಂದ ಬಾಡಿಗೆ ಕಟ್ಟಕ್ಕಾಗಲ್ಲ.

ವಿಭಾಗ ಮುಖ್ಯಸ್ಥೆ:
ನೀವು ಹೇಳೋದು ನಿಜ. ಆ ಅಧ್ಯಯನಕ್ಕೂ ಹಳೇ ಆಕ್ಷೇಪ ಒಂದಿದೆ. ಒಳ್ಳೇದಾದರೆ ಜನ ಅದು ತಮ್ಮಿಂದ ಆಯ್ತು ಅಂತಾರೆ, ಕೆಟ್ಟದ್ದಾದರೆ ಸುತ್ತಲಿನವರನ್ನ ದೂರ್ತಾರೆ ಅಂತ 1964ರಲ್ಲೇ ಮನೋವಿಜ್ಞಾನಿ ವಿಕ್ಟರ್ ವ್ರೂಮ್ ಎತ್ತಿ ತೋರಿಸಿದ್ರು. ನಾನು ಕಂಡ ಮಟ್ಟಿಗೆ, ನಮ್ಮ ಶಿಕ್ಷಕರನ್ನ ಹೆಚ್ಚು ಕುಗ್ಗಿಸೋದು ಸ್ವಾತಂತ್ರ್ಯ ಇಲ್ಲದಿರೋದು. ಪಠ್ಯಕ್ರಮ ಹಳೇದು ಅಂತ ಗೊತ್ತು, ಬದಲಿಸೋ ಅಧಿಕಾರ ಇಲ್ಲ. ಗೊತ್ತಿದ್ದೂ ಹಳೇದನ್ನೇ ಕಲಿಸೋದು ಒಳಗೊಳಗೇ ಕೊರೆಯುತ್ತೆ. ತಂತ್ರಜ್ಞಾನ ಕಲಿಸೋರಿಗೆ ಈ ನೋವು ಬೇರೆಯವರಿಗಿಂತ ಹೆಚ್ಚು.

ಲ್ಯಾಬ್ ಮೇಷ್ಟ್ರು:
ಮೇಡಂ, ಸರಿಯಾಗಿ ಹೇಳಿದ್ರಿ. ಹೋದ ವಾರ ಅಚ್ಚಾದ ಪ್ರಯೋಗ ಬದಿಗಿಟ್ಟು ನಾನೇ ಒಂದು ಬರೆದುಕೊಟ್ಟೆ. ಒಬ್ಬ ಹುಡುಗನ ಎಲ್‌ಇಡಿ ಹತ್ತಲೇ ಇಲ್ಲ. ಬ್ರೆಡ್‌ಬೋರ್ಡಲ್ಲಿ (ಸರ್ಕ್ಯೂಟ್ ಜೋಡಿಸೋ ತೂತಿನ ಹಲಗೆ) ಗ್ರೌಂಡ್ ವೈರನ್ನ ಒಂದು ಸಾಲು ಆಚೆ ಚುಚ್ಚಿದ್ದ. ನನಗೆ ಕಂಡಿತ್ತು, ಬಾಯಿ ಬಿಡಲಿಲ್ಲ. ಮಲ್ಟಿಮೀಟರ್ ಹಿಡಿದು ಒಂದೊಂದೇ ತಂತಿ ಮುಟ್ಟಿ ನೋಡ್ತಾ ಬಂದ. ಅರ್ಧ ಗಂಟೆ ಆದಮೇಲೆ "ಸರ್, ಹತ್ತಿತು!" ಅಂತ ಕೂಗಿದ. ಅವತ್ತು ನನಗೆ ಸುಸ್ತೇ ಆಗಲಿಲ್ಲ.

ಪುಸ್ತಕದ ಹುಳು:
ಹ್ಯಾಕ್‌ಮನ್, ಓಲ್ಡ್‌ಹ್ಯಾಮ್ ಅನ್ನೋ ಸಂಶೋಧಕರು 1976ರಲ್ಲಿ ಹೇಳಿದ, ಕೆಲಸದಲ್ಲಿ ಹುರುಪು ತರೋ ಐದು ಅಂಶಗಳಲ್ಲಿ ಎರಡು ಇಲ್ಲೇ ಇವೆ: ಸ್ವಂತ ನಿರ್ಧಾರ ಮತ್ತು ಮಾಡಿದ್ದರ ಫಲ ಕಣ್ಣೆದುರೇ ಕಾಣೋದು.

ತಾತ್ಕಾಲಿಕ ಉಪನ್ಯಾಸಕಿ:
ಸಂಬಳದ ಮಾತು ನಾನು ಬಿಡಲ್ಲ. ಆದರೆ ಆ ಪ್ರಯೋಗದ ಹಾಳೆ ಕಳಿಸಿ ಸರ್, ನಾಡಿದ್ದು ನನಗೂ ಲ್ಯಾಬ್ ಇದೆ.